ಯಾರ್ರೀ ಅದು ಕೂಗಿದ್ದು?

ದಾವಣಗೆರೆಯ ಸರ್ಕಾರಿ ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ, ಒಳಮುಖವಾಗಿ ತೆರೆಯುವ ಬಾಗಿಲಿನ ಹಿಂಬದಿಗೆ ಒಂದು ಕಾಗದವನ್ನು ಅಂಟಿಸಲಾಗಿತ್ತು. ಬಾಗಿಲು ತೆರೆದಿದ್ದಾಗ ಆ ಕಾಗದ ಗೋಡೆಗೆ ಮುಖ ಮಾಡಿಕೊಂಡಿರುತ್ತದೆ. ಬಾಗಿಲು ಮುಚ್ಚಿದಾಗ ಓದಬಹುದು, ಆದರೆ ಬಾಗಿಲು ಮುಚ್ಚಿದ ಮೇಲೆ ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಪಹಣಿಯ ಹಳೆಯ ನಕಲೊಂದಕ್ಕಾಗಿ ಕಾಯುತ್ತ ಕುಳಿತಿದ್ದ ನನ್ನನ್ನು ಗಮನಿಸದೆ ಗುಮಾಸ್ತರು ಬಾಗಿಲೆಳೆದುಕೊಂಡು ಊಟಕ್ಕೆ ಹೋದದ್ದರಿಂದ, ಆ ಕಾಗದವನ್ನು ಓದಿದ ಏಕೈಕ ಸಾರ್ವಜನಿಕನಾಗುವ ಭಾಗ್ಯ ನನ್ನದಾಯಿತು. ಅದರ ತಲೆಬರಹ ‘ಬಹಿರಂಗ ಹರಾಜು ಪ್ರಕಟಣೆ’ ಎಂದಿತ್ತು.

ಹರಾಜಿಗಿದ್ದದ್ದು ಕಚೇರಿಯ ನಿರುಪಯುಕ್ತ ಸಾಮಗ್ರಿ. ಹದಿನೇಳು ಕುರ್ಚಿಗಳು, ಎರಡು ಕಬ್ಬಿಣದ ಬೀರುಗಳು, ನೀರು ತಂಪಾಗಿಸುವ ಒಂದು ಯಂತ್ರ, ಮತ್ತು ಪಟ್ಟಿಯ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ‘ಕನ್ನಡ ಟೈಪ್‌ರೈಟರ್, 1’. ಎಲ್ಲವೂ ಒಂದೇ ಲಾಟು. ಸರ್ಕಾರಿ ಸವಾಲು 4,200 ರೂಪಾಯಿ, ಮುಂಗಡ ಠೇವಣಿ 1,000 ರೂಪಾಯಿ. ಸಾಮಗ್ರಿಯನ್ನು ‘ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ, ಏನಿದೆಯೋ ಅದನ್ನೇ’ ಒಯ್ಯತಕ್ಕದ್ದು ಎಂಬ ಷರತ್ತು ಬೇರೆ. ಬ್ಯಾಂಕಿನವರು ಸಾಲಗಾರರ ಮನೆ ಮಾರುವಾಗಲೂ ಇದೇ ಮಾತನ್ನು ಪತ್ರಿಕೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿಸುತ್ತಾರೆ. ಇಷ್ಟು ವೇದಾಂತವನ್ನು ಇಷ್ಟು ಕಡಿಮೆ ಜಾಗದಲ್ಲಿ ಹಿಡಿಸಿದವರು ಬೇರೆ ಯಾರೂ ಇಲ್ಲ. ನನಗೆ ಕುರ್ಚಿ, ಬೀರುಗಳ ಹಂಗಿರಲಿಲ್ಲ. ಹರೆಯದಲ್ಲಿ ಹಳೇ ಬಸ್ ನಿಲ್ದಾಣದ ಸಮೀಪದ ಟೈಪಿಂಗ್ ಶಾಲೆಯಲ್ಲಿ ಒತ್ತಕ್ಷರ ಹುಡುಕಿ ಹುಡುಕಿ ಬೆರಳು ಸವೆಸಿದವನಿಗೆ, ಆ ಒಂದು ಯಂತ್ರ ಮನೆಯ ಮೇಜಿನ ಮೇಲೆ ಕುಳಿತರೆ ಚೆನ್ನ ಎನ್ನಿಸಿತು, ಅಷ್ಟೇ.

ಸಾವಿರ ರೂಪಾಯಿ ಕಟ್ಟಿ ಹೊರಡುವ ಮೊದಲು ಹರಾಜು ಎಂಬ ಪದದ ಅರ್ಥವನ್ನಾದರೂ ಸರಿಯಾಗಿ ತಿಳಿದುಕೊಂಡಿರಬೇಕಲ್ಲವೆ? ಪದ ಅರಬ್ಬಿಯದು. ಅಲ್ಲಿ ‘ಹರಾಜ್’ ಎಂದರೆ ಇವತ್ತಿಗೂ ಸಂತೆಯಲ್ಲಿ ಕೂಗಿ ಮಾರುವುದೇ. ದಖ್ಖನ್ನಿನ ದಫ್ತರಗಳ ಮೂಲಕ ಅದು ನಮ್ಮಲ್ಲಿಗೆ ಬಂದು ಕೊನೆಗೊಂದು ಉಕಾರ ಅಂಟಿಸಿಕೊಂಡು ಕನ್ನಡದ ಪದವೇ ಆಯಿತು. ಬೆಳಗಾವಿ, ಧಾರವಾಡದ ಕಡೆಯ ಹಿರಿಯರ ಬಾಯಲ್ಲಿ ‘ಲಿಲಾವು’ ಎಂಬ ಇನ್ನೊಂದು ಮಾತಿದೆ. ಅದು ಪೋರ್ಚುಗೀಸರು ಹಡಗಿನಿಂದ ಇಳಿಸಿದ ಸರಕು. ಮರಾಠಿಯ ಲಿಲಾವ್, ಹಿಂದಿಯ ನೀಲಾಮ್, ಮಲಯಾಳದ ಲೇಲಂ, ತಮಿಳಿನ ಏಲಂ, ತೆಲುಗಿನ ವೇಲಂ ಎಲ್ಲವೂ ಆ ಒಂದೇ ಹಡಗಿನ ಮೂಟೆಗಳು. ಹರಾಜಿನ ಒಂದೊಂದು ಕೂಗಿಗೆ ನಾವು ಹೇಳುವ ‘ಸವಾಲು’ ಕೂಡ ಅರಬ್ಬಿಯದೇ, ಮೂಲದಲ್ಲಿ ಅದರ ಅರ್ಥ ಪ್ರಶ್ನೆ. ಚಳ್ಳಕೆರೆ, ಮೊಳಕಾಲ್ಮುರು ದಾಟಿ ಆಂಧ್ರದ ಗಡಿಗೆ ಹೋದರೆ ಹರಾಜು ‘ಪಾಟ’ವಾಗುತ್ತದೆ, ಎಂದರೆ ಹಾಡು, ಅವರು ಬೆಲೆಯನ್ನು ಹಾಡುತ್ತಾರೆ, ನಾವು ಕೂಗುತ್ತೇವೆ. ಭಾಷೆಗಳು ಎಷ್ಟೇ ಬೇರೆಯಾದರೂ ಎಲ್ಲ ಕಡೆಯೂ ಬಾಯಿಗೆ ಕೆಲಸವಿದೆ ಎಂಬುದನ್ನು ಓದುಗರು ಗಮನಿಸಬೇಕು. ಟೆಂಡರ್ ಎಂಬುದು ಲಕೋಟೆಯ ವ್ಯವಹಾರ. ಒಬ್ಬ ಎಷ್ಟು ಬರೆದಿದ್ದಾನೆಂದು ಇನ್ನೊಬ್ಬನಿಗೆ ತಿಳಿಯಬಾರದು. ಹರಾಜು ಅದರ ವಿರುದ್ಧ. ಹತ್ತು ಜನ ಒಂದೆಡೆ ಸೇರಿ, ಒಬ್ಬನ ಬೆಲೆ ಇನ್ನೊಬ್ಬನ ಕಿವಿಗೆ ಬೀಳುವಂತೆ ಏರಿಸುತ್ತ ಹೋಗಿ, ಉಳಿದವರ ಉಸಿರು ಎಲ್ಲಿ ನಿಂತಿತೋ ಅಲ್ಲಿ ಕೂಗಿದವನಿಗೆ ವಸ್ತು ಸಲ್ಲಬೇಕು.

ಇದು ಪರದೇಶದಿಂದ ಬಂದ ಕ್ರಮವೆಂದು ಕೊರಗುವವರಿಗೆ ಕೌಟಿಲ್ಯನ ಅರ್ಥಶಾಸ್ತ್ರವಿದೆ. ಮನೆ, ಹೊಲಗಳ ಮಾರಾಟದ ಪ್ರಕರಣದಲ್ಲಿ ಅವನು, ನೆರೆಹೊರೆಯವರ ಎದುರಿನಲ್ಲಿ ‘ಈ ಬೆಲೆಗೆ ಕೊಳ್ಳುವವರು ಯಾರು’ ಎಂದು ಮೂರು ಸಲ ಸಾರಬೇಕೆಂದೂ, ಕೊಳ್ಳುವವರ ಪೈಪೋಟಿಯಿಂದ ಬೆಲೆ ಏರಿದರೆ ಏರಿದ ಮೊತ್ತ ಸುಂಕದ ಸಮೇತ ರಾಜನ ಬೊಕ್ಕಸಕ್ಕೆ ಸೇರಬೇಕೆಂದೂ ಹೇಳಿದ್ದಾನೆ. ಮೂರು ಸಲ ಎಂಬ ಭಾಗವನ್ನು ನಮ್ಮ ಕಚೇರಿಗಳು ಇಂದಿಗೂ ಚಾಚೂ ತಪ್ಪದೆ ಪಾಲಿಸುತ್ತಿವೆ. ಬೊಕ್ಕಸದ ಭಾಗದ ಮಾತು ಆಮೇಲೆ.

ಹರಾಜಿನ ದಿನ ಬೆಳಿಗ್ಗೆ ಹತ್ತೂವರೆಗೆ ನಾನು ಹೋದಾಗ ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ಆರು ಮಂದಿ ನಿಂತಿದ್ದರು. ಒಬ್ಬರಿಗೊಬ್ಬರು ಪೈಪೋಟಿ ನಡೆಸಲು ಬಂದವರು ಒಂದೇ ತಟ್ಟೆಯಿಂದ ಮಂಡಕ್ಕಿ ತಿನ್ನುತ್ತಿದ್ದುದು, ಒಂದೇ ಮಿರ್ಚಿಯನ್ನು ಎರಡು ತುಂಡು ಮಾಡಿ ಹಂಚಿಕೊಳ್ಳುತ್ತಿದ್ದುದು ನೋಡಿ, ಮಾರುಕಟ್ಟೆಯ ಕ್ರೌರ್ಯದ ಬಗ್ಗೆ ನಾನು ಓದಿದ್ದೆಲ್ಲ ಸುಳ್ಳೆನಿಸಿತು. ಕುರ್ಚಿಗಳನ್ನು ಗೋಡೆಯ ಬದಿಗೆ ಒಂದರ ಮೇಲೊಂದು ಪೇರಿಸಲಾಗಿತ್ತು. ಟೈಪ್‌ರೈಟರ್ ಕೂಲರಿನ ಮೇಲೆ ಕುಳಿತಿತ್ತು. ಅದರ ಉರುಳೆಯಲ್ಲಿ ಅರ್ಧ ಟೈಪಾದ ಒಂದು ಹಾಳೆ ಹಾಗೆಯೇ ಉಳಿದು ಹಳದಿಗಟ್ಟಿ, ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಲ್ಲಿಗೆ ನಿಂತುಹೋಗಿತ್ತು. ಸದರಿ ವಿಷಯ ಏನೆಂಬುದನ್ನು ಆ ಯಂತ್ರ ಹೇಳದೆಯೇ ನಿವೃತ್ತವಾಗಿತ್ತು.

ಅಧಿಕಾರಿಗಳು ಹೊರಬಂದು, ಷರತ್ತುಗಳನ್ನು ಸಂಕಲ್ಪ ಮಂತ್ರದ ವೇಗದಲ್ಲಿ ಓದಿ, ‘ಸರ್ಕಾರಿ ಸವಾಲು ನಾಲ್ಕು ಸಾವಿರದ ಇನ್ನೂರು’ ಎಂದರು. ಮಂಡಕ್ಕಿ ತಿನ್ನುತ್ತಿದ್ದವರಲ್ಲಿ ದಪ್ಪ ಮೀಸೆಯವರೊಬ್ಬರು ತಲೆಯೆತ್ತದೆ ‘ನಾಲ್ಕೂಕಾಲು’ ಎಂದರು. ಅಧಿಕಾರಿಗಳು ಕಡತದಲ್ಲಿ 4,250 ಎಂದು ಬರೆದುಕೊಳ್ಳುತ್ತಲೇ, ಉಸಿರು ಬದಲಿಸದೆ, ‘ಒಂದು ಸಲ ಎರಡು ಸಲ’ ಎಂದು ಒಂದೇ ಪದವಾಗಿ ಉಚ್ಚರಿಸಿ ಮೂರನೆಯದಕ್ಕೆ ಬಾಯಿ ತೆರೆದರು. ಆಗ ನಾನು ನಾಲ್ಕೂವರೆ ಸಾವಿರ ಎಂದು ಕೂಗಿದೆ.

ಶ್ರಾದ್ಧದ ಮನೆಯಲ್ಲಿ ಯಾರೋ ಸೋಬಾನೆ ಹಾಡಿದಂತಾಯಿತು. ಆರು ಜನರೂ ತಿನ್ನುವುದನ್ನು ನಿಲ್ಲಿಸಿದರು. ಅಧಿಕಾರಿಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕಡತವನ್ನು ನೋಡಿ, ನನ್ನನ್ನು ನೋಡಿ, ನಿಜವಾದ ಆಶ್ಚರ್ಯದಿಂದ ಕೇಳಿದರು: ‘ಯಾರ್ರೀ ಅದು ಕೂಗಿದ್ದು?’

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅವರ ಸೇವಾವಧಿಯಲ್ಲಿ ಹರಾಜಿನಲ್ಲಿ ಯಾರೂ ಕೂಗಿರಲಿಕ್ಕಿಲ್ಲ. ಮೀಸೆಯವರು ನನ್ನನ್ನು ಮರದ ಆಚೆಗೆ ಕರೆದುಕೊಂಡು ಹೋಗಿ, ಹೆಗಲ ಮೇಲೆ ಕೈಯಿಟ್ಟು, ಬಹಳ ವಿನಯದಿಂದ ‘ನಿಮಗೆ ಏನ್ ಬೇಕಾಗಿತ್ತು ಸಾರ್?’ ಎಂದು ವಿಚಾರಿಸಿದರು. ಟೈಪ್‌ರೈಟರ್ ಎಂದೆ. ಅವರು ನಂಬಲಿಲ್ಲ. ‘ಅದನ್ನ ಬಿಡ್ರೀ, ಗುಡ್‌ವಿಲ್ ಎಷ್ಟು ಹೇಳ್ರೀ’ ಎಂದರು.

ಈ ‘ಗುಡ್‌ವಿಲ್’ ಎಂಬ ಪದವನ್ನು ನಮ್ಮ ಸೀಮೆಯ ಕನ್ನಡಕ್ಕೆ ಯಾರು ತಂದರೋ, ಅವರಿಗೆ ಪ್ರಶಸ್ತಿ ಸಲ್ಲಬೇಕು. ಕೂಗಬಹುದಾದವನು ಕೂಗದೇ ಇರುವುದಕ್ಕೆ ಕೂಗುವವನು ಕೊಡುವ ಹಣಕ್ಕೆ ಗುಡ್‌ವಿಲ್ ಎಂದು ಹೆಸರು. ಕೂಗದಿರಲು ಒಪ್ಪಿದವರೆಲ್ಲ ಸೇರಿದರೆ ‘ರಿಂಗ್’. ರಿಂಗಿನವರು ವಸ್ತುವನ್ನು ಒಬ್ಬನ ಹೆಸರಿನಲ್ಲಿ ಅಗ್ಗಕ್ಕೆ ಹಿಡಿದು, ಆಮೇಲೆ ಚಹಾದಂಗಡಿಯಲ್ಲಿ ಕುಳಿತು ತಮ್ಮತಮ್ಮಲ್ಲೇ ಇನ್ನೊಂದು ಹರಾಜು ನಡೆಸುತ್ತಾರೆ. ಅದರಲ್ಲಿ ನಿಜವಾದ ಕೂಗಾಟವಿರುತ್ತದೆ, ನಿಜವಾದ ಬೆಲೆ ಬರುತ್ತದೆ, ಸೋತವರಿಗೂ ಪಾಲು ಸಿಗುತ್ತದೆ. ಪೈಪೋಟಿಯಿಂದ ಏರಿದ ಮೊತ್ತ ಬೊಕ್ಕಸಕ್ಕೆ ಸೇರಬೇಕೆಂದ ಕೌಟಿಲ್ಯ ಯಾವ ಬೊಕ್ಕಸವೆಂದು ಬಿಡಿಸಿ ಹೇಳಬೇಕಿತ್ತು.

ಈ ವಿದ್ಯೆಯಲ್ಲಿ ನಾವು ಜಗತ್ತಿಗಿಂತ ಎಷ್ಟು ಮುಂದಿದ್ದೇವೆ ಎಂಬುದಕ್ಕೆ ಒಂದು ದೃಷ್ಟಾಂತ ಕೊಡಬಹುದು. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ಒಂದು ಬಗೆಯ ಹರಾಜನ್ನು ವಿಶ್ಲೇಷಿಸಿದರು. ಹೆಸರೇ ವಿಕ್ರಿ, ಮಾರಾಟದ ಬಗ್ಗೆ ಬರೆಯದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಆ ಹರಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಹೇಳಿದವನೇ ಗೆಲ್ಲುತ್ತಾನೆ, ಆದರೆ ತೆರುವುದು ಎರಡನೆಯವನು ಹೇಳಿದ ಬೆಲೆಯನ್ನು. ಹಾಗೆ ಮಾಡಿದರೆ ಎಲ್ಲರೂ ತಮ್ಮ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಹೇಳುತ್ತಾರೆ ಎಂಬುದು ಅದರ ಒಳಗುಟ್ಟು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಹರಾಜಿನ ಸಿದ್ಧಾಂತಕ್ಕಾಗಿಯೇ 2020ರಲ್ಲಿ ಪಾಲ್ ಮಿಲ್ಗ್ರಾಂ, ರಾಬರ್ಟ್ ವಿಲ್ಸನ್ ಎಂಬ ಇನ್ನಿಬ್ಬರಿಗೂ ಬಂತು. ವಿಕ್ರಿಯವರು ‘ಎರಡನೆಯವನ ಬೆಲೆ ಕೊಡಬೇಕು’ ಎಂದರೆ, ನಮ್ಮ ಬೇವಿನ ಮರದ ಪಂಡಿತರು ‘ಎರಡನೆಯವನಿಗೆ ಬೆಲೆ ಕೊಡಬೇಕು’ ಎನ್ನುತ್ತಾರೆ. ವ್ಯತ್ಯಾಸ ಒಂದು ವಿಭಕ್ತಿ ಪ್ರತ್ಯಯದ್ದು ಮಾತ್ರ. ಷಷ್ಠಿಗೆ ನೊಬೆಲ್ ಸಿಕ್ಕಿತು, ಚತುರ್ಥಿಗೆ ಇನ್ನೂ ಸಿಕ್ಕಿಲ್ಲ.

ನಾನು ಗುಡ್‌ವಿಲ್ ಬೇಡವೆಂದದ್ದರಿಂದ ಹರಾಜು ‘ಆಡಳಿತಾತ್ಮಕ ಕಾರಣಗಳಿಂದ’ ಮುಂದೂಡಲ್ಪಟ್ಟಿತು. ಹರಾಜನ್ನು ಯಾವುದೇ ಹಂತದಲ್ಲಿ, ಯಾವುದೇ ಕಾರಣ ನೀಡದೆ ಮುಂದೂಡುವ ಹಕ್ಕನ್ನು ಕಾಯ್ದಿರಿಸಿಕೊಳ್ಳಲಾಗಿದೆ ಎಂಬ ಸಾಲು ಪ್ರಕಟಣೆಯ ಕೆಳಗೆ ಇದ್ದೇ ಇತ್ತು. ನನ್ನ ಠೇವಣಿ ವಾಪಸು ಬರಲು ಮೂರು ಅರ್ಜಿ ಬೇಕಾದವು; ಅದನ್ನು ವಿಸ್ತರಿಸುವುದಿಲ್ಲ, ಅರ್ಜಿ ಬರೆದು ಗೊತ್ತಿರುವ ಓದುಗರಿಗೆ ಅದರಲ್ಲಿ ಹೊಸತೇನೂ ಇರುವುದಿಲ್ಲ.

ಈ ನಡುವೆ ನನ್ನನ್ನು ಕಾಡಿದ್ದು ‘ಬಹಿರಂಗ’ ಎಂಬ ವಿಶೇಷಣ. ಎಲ್ಲರ ಎದುರು ಕೂಗುವುದೇ ಹರಾಜು ಎಂದಮೇಲೆ ಬಹಿರಂಗ ಹರಾಜು ಎಂಬುದು ಒದ್ದೆ ನೀರು ಎಂದಂತೆ. ಆದರೆ ಆಡಳಿತದ ಭಾಷೆಯಲ್ಲಿ ಯಾವ ವಿಶೇಷಣವೂ ಸುಮ್ಮನೆ ಬರುವುದಿಲ್ಲ. ವಸ್ತುವಿನಿಂದ ಗುಣ ಹೊರಟುಹೋದ ಮೇಲೆಯೇ ಅದರ ಹೆಸರಿಗೆ ವಿಶೇಷಣ ಬಂದು ಕೂರುತ್ತದೆ. ಶುದ್ಧ ಕುಡಿಯುವ ನೀರು, ಅಪ್ಪಟ ಬೆಣ್ಣೆ, ಪಾರದರ್ಶಕ ನೇಮಕಾತಿ, ಬಹಿರಂಗ ಹರಾಜು. ದಾವಣಗೆರೆಯವನಾಗಿ ಬೆಣ್ಣೆಯ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈಗ ಬಹಿರಂಗದ ಜೊತೆಗೆ ‘ಇ’ ಎಂಬ ಅಕ್ಷರವೂ ಸೇರಿಕೊಂಡಿದೆ. ಎಪಿಎಂಸಿಯ ಪ್ರಾಂಗಣದಲ್ಲಿ ಮೆಕ್ಕೆಜೋಳದ ರಾಶಿಗಳ ನಡುವೆ ದಲಾಲರು ಗಂಟಲು ಹರಿದುಕೊಳ್ಳುತ್ತಿದ್ದ ಕಾಲದಲ್ಲಿ, ರೈತನಿಗೆ ಬೆಲೆ ಸಾಲದೆ ಹೋದರೂ ಯಾರ ಬಾಯಿಂದ ಬಿತ್ತು, ಎಷ್ಟಕ್ಕೆ ಬಿತ್ತು ಎಂದಾದರೂ ಕಿವಿಯಾರೆ ಕೇಳುತ್ತಿತ್ತು. ಈಗ ಖರೀದಿದಾರರು ಪರದೆಯ ಮೇಲೆ ಅಂಕಿ ಒತ್ತುತ್ತಾರೆ, ಹೊತ್ತು ಮೀರಿದ ಮೇಲೆ ಯಂತ್ರವೇ ಹೆಚ್ಚಿನದನ್ನು ಆರಿಸುತ್ತದೆ, ರೈತ ತನ್ನ ರಾಶಿಯ ಮಗ್ಗುಲಲ್ಲಿ ಮೊಬೈಲ್ ಹಿಡಿದು ಸಂದೇಶಕ್ಕೆ ಕಾಯುತ್ತಾನೆ. ನ್ಯಾಯವಾಗಿ ಹೇಳುವುದಾದರೆ ಇದರಿಂದ ಕೆಲವು ಕಡೆ ರೈತನಿಗೆ ಲಾಭವೇ ಆಗಿದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದ ದನದ ಜಾತ್ರೆಯ ಪದ್ಧತಿಗಿಂತ ಪರದೆ ಎಷ್ಟೋ ಮೇಲು. ಚಿತ್ರದುರ್ಗ ಜಿಲ್ಲೆಯ ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ಮೇಲೆ, ಅಗೆದು ಗುಡ್ಡೆ ಹಾಕಿದ್ದ ಕಬ್ಬಿಣದ ಅದಿರು ಮಾರಾಟವಾದದ್ದೂ ಇ-ಹರಾಜಿನಲ್ಲೇ. 2022ರಲ್ಲಿ ಆ ನಿರ್ಬಂಧ ಸಡಿಲವಾಗುವವರೆಗೆ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರಿಗೆ ಬೇರೆ ದಾರಿಯಿರಲಿಲ್ಲ. ತಕರಾರು ಇರುವುದು ಪದದ ಬಗ್ಗೆ. ಕೂಗದ ಹರಾಜಿಗೂ ‘ಹರಾಜು ಕೂಗಿದರು’ ಎಂದೇ ಬರೆಯುತ್ತೇವೆ. ಮೌನವಾಗಿ ಕೂಗುವ ಕಲೆ ಕನ್ನಡಕ್ಕೆ ಹೊಸದು.

ಹಾಗಾದರೆ ಕೂಗುವ ಹರಾಜು, ಗಂಟಲಿನ ಹರಾಜು, ಕೌಟಿಲ್ಯ ಮೆಚ್ಚುವಂಥ ಹರಾಜು ಎಲ್ಲಿ ಉಳಿದಿದೆ?

ಒಂದು, ನಾಯಕನಹಟ್ಟಿಯಲ್ಲಿ. ಚಳ್ಳಕೆರೆ ತಾಲ್ಲೂಕಿನ ತಿಪ್ಪೇರುದ್ರಸ್ವಾಮಿಯ ಜಾತ್ರೆಯಲ್ಲಿ ತೇರು ಎಳೆಯುವ ಮೊದಲು ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಸಾವಿರಾರು ಜನರ ಎದುರಿನಲ್ಲಿ, ಲಕ್ಷಗಳ ಲೆಕ್ಕದಲ್ಲಿ, ಕೂಗಿನ ಮೇಲೆ ಕೂಗು ಏರುತ್ತದೆ. ರಿಂಗಿಲ್ಲ, ಗುಡ್‌ವಿಲ್ ಇಲ್ಲ. ಹಿಡಿಯುವವರಲ್ಲಿ ರಾಜಕಾರಣಿಗಳೇ ಹೆಚ್ಚು. ಮುಕ್ತಿಯ ಅವಸರ ಯಾರಿಗೆ ಹೆಚ್ಚಿದೆಯೋ ಅವರೇ ಮುಂದೆ ಬರುವುದು ಸಹಜ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಸ್ವಾಮಿಯ ಸನ್ನಿಧಿಯಲ್ಲಿ ಕೂಗಿದಷ್ಟು ನೀಡುವ ಈ ಕ್ರಮ, ನಾನು ಬಲ್ಲಂತೆ, ಜಿಲ್ಲೆಯ ಅತ್ಯಂತ ಶಿಸ್ತಿನ ಹರಾಜು.

ಇನ್ನೊಂದನ್ನು ಹೇಳುವಾಗ ದನಿ ತಗ್ಗಿಸಬೇಕಾಗುತ್ತದೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ, ರಾಜ್ಯದ ಹಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿಗಳು ಬಂದು, ಹಾಗೆ ಮಾಡಿದರೆ ಕ್ರಮ ಜರುಗಿಸುವುದಾಗಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಅಂಥ ಹರಾಜು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪರಾಧವೆಂಬ ಒಂದು ಸಣ್ಣ ದೋಷವನ್ನು ಬದಿಗಿಟ್ಟು ನೋಡಿದರೆ ಕಾರ್ಯವಿಧಾನ ಎಷ್ಟು ಶುದ್ಧ! ದೇವಸ್ಥಾನದ ಕಟ್ಟೆಯ ಮೇಲೆ ಊರಿಗೆ ಊರೇ ಸೇರಿರುತ್ತದೆ. ಡಂಗುರ ಹೊಡೆದಿರುವುದರಿಂದ ಪ್ರಕಟಣೆಯನ್ನು ಬಾಗಿಲಿನ ಹಿಂದೆ ಹುಡುಕಬೇಕಾಗಿಲ್ಲ. ಯಾವ ವಾರ್ಡು, ಯಾವ ಮೀಸಲಾತಿ, ಎಷ್ಟು ವರ್ಷದ ಅವಧಿ ಎಂದು ಸರಕಿನ ವಿವರವನ್ನು ಮೊದಲೇ ಹೇಳಲಾಗುತ್ತದೆ. ‘ಒಂದು ಸಲ’ ಮತ್ತು ‘ಎರಡು ಸಲ’ದ ನಡುವೆ ಎದುರಾಳಿ ತನ್ನ ಮಾವನಿಗೆ ಫೋನು ಮಾಡಿ ಸಾಲ ಕೇಳುವಷ್ಟು ಬಿಡುವು ಕೊಡಲಾಗುತ್ತದೆ. ಹಣ ಗೋಪುರಕ್ಕೆ, ಸಮುದಾಯ ಭವನಕ್ಕೆ ಎಂದು ಎಲ್ಲರ ಎದುರೇ ಗೊತ್ತುಮಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ‘ಅವಿರೋಧ ಆಯ್ಕೆ’ ಎಂದು ಬರುತ್ತದೆ. ವಿರೋಧಿಸಿದವರು ಎಷ್ಟು ಲಕ್ಷದವರೆಗೆ ವಿರೋಧಿಸಿದರು ಎಂಬುದು ಮಾತ್ರ ಊರವರ ನೆನಪಿನಲ್ಲಿ ಉಳಿಯುತ್ತದೆ. ಮಾರಬೇಕಾದ ಕುರ್ಚಿಯನ್ನು ಮಾರಲು ಬಾರದ ನಾವು, ಮಾರಬಾರದ ಕುರ್ಚಿಯನ್ನು ಮಾರುವುದರಲ್ಲಿ ಇಷ್ಟು ನಿಷ್ಣಾತರಾದದ್ದು ಹೇಗೆಂದು ಆಡಳಿತ ತರಬೇತಿ ಸಂಸ್ಥೆಗಳು ಅಧ್ಯಯನ ಮಾಡಬೇಕು.

ನಮ್ಮ ಹಳ್ಳಿಗರಿಗೆ ಈ ವಿಷಯದಲ್ಲಿ ಪೂರ್ವಸೂರಿಗಳಿಲ್ಲವೆಂದೂ ಹೇಳುವಂತಿಲ್ಲ. ಕ್ರಿ.ಶ. 193ರಲ್ಲಿ ರೋಮಿನ ಅಂಗರಕ್ಷಕ ಪಡೆ ಚಕ್ರವರ್ತಿ ಪರ್ಟಿನಾಕ್ಸನನ್ನು ಕೊಂದು, ಸಿಂಹಾಸನವನ್ನೇ ಹರಾಜಿಗಿಟ್ಟಿತು. ಸತ್ತವನ ಮಾವ ಶಿಬಿರದ ಒಳಗಿನಿಂದ ಕೂಗಿದ. ಡಿಡಿಯಸ್ ಜೂಲಿಯಾನಸ್ ಎಂಬ ಸಿರಿವಂತ ಗೋಡೆಯ ಹೊರಗೆ ನಿಂತು ಕೂಗಿದ. ಮಾವ ಪಡೆಯ ಸೈನಿಕರಿಗೆ ತಲೆಗೆ 20,000 ಸೆಸ್ಟರ್ಸ್ ನಾಣ್ಯ ಎಂದದ್ದು ಕೇಳಿ, ಜೂಲಿಯಾನಸ್ ಬಾಯಿಂದ ಕೂಗಿದ್ದು ಸಾಲದೆಂದು ಬೆರಳುಗಳನ್ನೂ ಎತ್ತಿ ತೋರಿಸಿ 25,000ಕ್ಕೆ ಏರಿಸಿದ. ಸಾಮ್ರಾಜ್ಯ ಅವನ ಪಾಲಾಯಿತು. 66 ದಿನಗಳ ಮೇಲೆ ಅವನನ್ನೂ ಕೊಂದರು. ಐದು ವರ್ಷದ ಅವಧಿ ಗೊತ್ತುಮಾಡಿ ಹರಾಜು ಹಾಕುವ ನಮ್ಮವರು ಎಷ್ಟೋ ಸಭ್ಯರು.

ಮನುಷ್ಯರನ್ನು ಹರಾಜು ಹಾಕುವುದು ಈಗ ಅಪಮಾನವೂ ಅಲ್ಲ ಎಂಬುದನ್ನು ಹೇಳಲು ಮರೆತೆ. 2008ರಿಂದ ಐಪಿಎಲ್ ಆಟಗಾರರು ವೇದಿಕೆಯ ಮೇಲೆ ಬಿಕರಿಯಾಗುತ್ತಿದ್ದಾರೆ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋದರು, ಅದೂ ‘ಹರಾಜ್’ ಎಂಬ ಪದ ಹುಟ್ಟಿದ ಭಾಷೆಯ ನಾಡಿನಲ್ಲೇ. ಇಲ್ಲಿ ಅವಮಾನ ಹರಾಜಾಗದೆ ಉಳಿದವನಿಗೆ. ಮೊದಲು ಹೀಗಿರಲಿಲ್ಲ. ‘ಮಾನ ಹರಾಜಾಯಿತು’ ಎಂದರೆ ಊರಿನ ಎದುರು ತಲೆಯೆತ್ತದಂತಾಯಿತು ಎಂದೇ ನಮ್ಮ ಅಜ್ಜಿಯರ ಕಾಲದ ಅರ್ಥ. ಈ ಬಳಕೆಯನ್ನು ಯೋಚಿಸಿ ನೋಡಿದರೆ ವಿಚಿತ್ರವಾಗಿದೆ: ಹರಾಜು ಹಾಕುವವರು ಸಿಗುತ್ತಾರೆ, ಕೂಗುವ ಜನರೂ ಸೇರುತ್ತಾರೆ, ಆದರೆ ಹರಾಜಾದ ಮಾನವನ್ನು ದುಡ್ಡು ಕೊಟ್ಟು ಮನೆಗೆ ಒಯ್ದವರು ಯಾರೂ ಇಲ್ಲ. ಕೊಳ್ಳುವವರಿಲ್ಲದ ಹರಾಜು ಅದೊಂದೇ ಎಂದು ನಾನು ತಿಳಿದಿದ್ದೆ, ಬೇವಿನ ಮರದ ಕೆಳಗೆ ಹೋಗುವವರೆಗೆ.

ಕಳೆದ ವಾರ ಪಹಣಿಯ ನಕಲಿಗಾಗಿ ಮತ್ತೆ ಅದೇ ಕಚೇರಿಗೆ ಹೋಗಿದ್ದೆ. ನಕಲು ಸಿದ್ಧವಾಗಿರಲಿಲ್ಲ. ಗುಮಾಸ್ತರು ಊಟಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ನಾನೇ ಮೂಲೆಯ ಬೆಂಚಿನಲ್ಲಿ ಮುದುರಿ ಕುಳಿತೆ. ಬಾಗಿಲು ಮುಚ್ಚಿತು, ಅದರ ಹಿಂಬದಿಯಲ್ಲಿ ಹೊಸ ಕಾಗದವಿತ್ತು. ‘ಬಹಿರಂಗ ಮರು ಹರಾಜು ಪ್ರಕಟಣೆ.’ ಕುರ್ಚಿಗಳು ಹದಿನೇಳರಿಂದ ಹದಿನಾಲ್ಕಾಗಿದ್ದವು. ಟೈಪ್‌ರೈಟರ್ ಇನ್ನೂ ಪಟ್ಟಿಯಲ್ಲಿತ್ತು. ಸರ್ಕಾರಿ ಸವಾಲು, ಠೇವಣಿ, ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ, ಎಲ್ಲವೂ ಇದ್ದಂತೆಯೇ ಇತ್ತು. ಷರತ್ತುಗಳ ಕೊನೆಯಲ್ಲಿ ಮಾತ್ರ ಒಂದು ಸಾಲನ್ನು ಹೊಸದಾಗಿ, ದಪ್ಪ ಅಕ್ಷರದಲ್ಲಿ ಸೇರಿಸಿದ್ದರು: ‘ಹರಾಜಿನ ಸಮಯದಲ್ಲಿ ಯಾರೂ ಕೂಗತಕ್ಕದ್ದಲ್ಲ, ಕೂಗಿದವರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು.’